ಹಸಿ ಬೀಜ ಕಚ್ಚಿದ ಹಲ್ಲು

ಪೊಲೀಸ್ ಠಾಣೆಯ ಡೆಲೆಗಾದೊ ಕಸಿಯಾನೊ ಮುತ್ತಿ ಲಕೋಟೆಯನ್ನು ಬೋರಲು ಹಿಡಿದು ತಟ್ಟಿದ. ಒಂದೇ ಒಂದು ಕಾಫಿ ಬೀಜ ಉರುಳಿಕೊಂಡು ಬಂದು ನನ್ನ ಮುಂದೆ ನಿಂತಿತು. ಹುರಿದದ್ದಲ್ಲ, ಹಸಿ ಬೀಜ.

"ನೋಡ್ಕೊಳ್ಳಿ ಮೇಡಂ, ಕಣ್ತುಂಬ ನೋಡ್ಕೊಳ್ಳಿ. ಇದೊಂದು ಕಾಳಿಗೋಸ್ಕರ ವಾರದಿಂದ ನನ್ನ ತಲೆ ತಿಂತಿದೀರಿ," ಅಂದ. "ಸಂಜೆ ಐದಕ್ಕೆ ನಿಮ್ಮ ಹುಡುಗೀನ ಒಳಗೆ ಹಾಕ್ತೀನಿ. ಜಡ್ಜ್ ರುಜು ಬಿದ್ದಾಗಿದೆ."

ನನ್ನ ಹುಡುಗಿ ಎಂದರೆ ನನ್ನನ್ನು ಗೊತ್ತುಮಾಡಿಕೊಂಡ ವಕೀಲೆ ಯೊಲಾಂದಾ ಶಿರೋಮಾ. ಕಳೆದ ಬುಧವಾರ ಅವಳು ದುಡಿಯುವ ತೊರ್ತೊರೆಲ್ಲಿ ವಕೀಲರ ಕಂಪನಿಯ ಹಿರಿಯ ಪಾಲುದಾರ ಒತಾಸಿಲಿಯೊ ಪ್ರೆಸ್ತಿಸ್ ಹಿಂಬದಿಯ ಮೆಟ್ಟಿಲ ಬುಡದಲ್ಲಿ ತಲೆಯೊಡೆದು ಸತ್ತುಬಿದ್ದಿದ್ದ. ಎದುರಿನಿಂದ ಯಾರೋ ತಳ್ಳಿದ್ದಾರೆ ಎಂದು ಶವ ಕೊಯ್ದ ಡಾಕ್ಟರು ಹೇಳಿದ್ದರು. ಆ ಹೊತ್ತಿಗೆ ಯೊಲಾಂದಾ ಅದೇ ಮೆಟ್ಟಿಲು ಇಳಿದು ಹೋದದ್ದನ್ನು ನೋಡಿದವರಿದ್ದರು. ಮುದುಕನ ವೇಸ್ಟ್‌ಕೋಟಿನ ಜೇಬಿನಲ್ಲಿ ಸಿಕ್ಕಿದ್ದು ಈ ಬೀಜ.

ಬೀಜಕ್ಕೆ ಯಾಕಿಷ್ಟು ಬೆಲೆ ಎಂದರೆ, ಆ ಕಂಪನಿಯಲ್ಲಿ ಮನುಷ್ಯರ ಹಣೆಬರಹ ಬರೆಯುವುದೇ ಕಾಫಿ ಬೀಜದಿಂದ. ಕಂಪನಿಯನ್ನು ಕಟ್ಟಿದವನು ಮೊಕೋಕಾದ ಕಾಫಿ ತೋಟದ ಮನೆತನದವನು. ಅವನು ಹಾಕಿಕೊಟ್ಟ ಪದ್ಧತಿಯಿದು. ಡಿಸೆಂಬರಿನಲ್ಲಿ ಮೇಲಿನ ಮೂವರು ಬಾಗಿಲು ಹಾಕಿಕೊಂಡು ಕೂರುತ್ತಾರೆ. ದುಡಿದು ದುಡಿದು ತುದಿಗೆ ಬಂದ ಒಬ್ಬ ವಕೀಲರನ್ನು ಪಾಲುದಾರರನ್ನಾಗಿ ಮಾಡಬೇಕೋ ಬೇಡವೋ ಎಂಬುದು ಪ್ರಶ್ನೆ. ಮೂವರಿಗೂ ಒಂದೊಂದು ಹಸಿ ಬೀಜ, ಒಂದೊಂದು ಹುರಿದ ಬೀಜ. ಬೇಕು ಎನ್ನುವವರು ಬೆಳ್ಳಿಯ ಸಕ್ಕರೆ ಬಟ್ಟಲಿಗೆ ಹಸಿ ಬೀಜ ಹಾಕಬೇಕು, ಬೇಡ ಎನ್ನುವವರು ಹುರಿದದ್ದು. ಆಮೇಲೆ ಬಟ್ಟಲು ಬಿಚ್ಚಿದಾಗ ಒಂದು ಹುರಿದ ಬೀಜ ಕಂಡರೂ ಸಾಕು, ಗಾಣದೆತ್ತಿನ ಹಾಗೆ ದುಡಿದ ವರ್ಷಗಳೆಲ್ಲ ಮಣ್ಣುಪಾಲು. ಎರಡನೇ ಸಲ ಕೇಳುವ ಹಾಗಿಲ್ಲ. ಮೇಲೆ ಹತ್ತದವರು ಹೊರಗೆ ನಡೆಯಬೇಕು. ನಾನು ನಡೆದೆ. ನಡೆದು ಬಂದು ಈ ಪತ್ತೇದಾರಿಕೆಯ ಬೋರ್ಡು ಹಾಕಿಕೊಂಡೆ.

ಯೊಲಾಂದಾಳ ಬಟ್ಟಲಿನಲ್ಲಿ ಒಂದು ಹುರಿದ ಬೀಜವಿತ್ತು. ಮುದುಕನ ಜೇಬಿನಲ್ಲಿ ಹಸಿ ಬೀಜ ಉಳಿದಿತ್ತು. ಅಂದಮೇಲೆ ಹುರಿದದ್ದು ಹಾಕಿದವನು ಅವನೇ, ಅದು ಗೊತ್ತಾಗಿ ಅವಳು ಅವನನ್ನು ತಳ್ಳಿದಳು. ಪೊಲೀಸರ ಕತೆ ಇಷ್ಟೇ.

"ಶವದ ರಿಪೋರ್ಟ್‌ನಲ್ಲಿ ಬಾಯಿ ಬಗ್ಗೆ ಏನಿದೆ?" ಎಂದು ಕೇಳಿದೆ.

ಕಸಿಯಾನೊ ನಿಟ್ಟುಸಿರುಬಿಟ್ಟು ಹಾಳೆ ತಿರುವಿದ. "ಕಟ್ಟಿಸಿದ ಹಲ್ಲಿನ ಸೆಟ್ಟು. ಅದರ ಕೆಳಗೆ ಕಾಫಿ ತರಿ. ಏನೀಗ? ಸಾವೊ ಪಾವ್ಲೊದಲ್ಲಿ ಕಾಫಿ ಕುಡಿಯದವರು ಯಾರಿದಾರೆ?"

"ಒತಾಸಿಲಿಯೊ ಇದ್ದ. ಹೊಟ್ಟೆ ಹುಣ್ಣು. ನಾನು ಕೆಲಸಕ್ಕೆ ಸೇರಿದಾಗಿಂದ ಅವನು ಕುಡಿದಿದ್ದು ಬರೀ ಕಮೊಮಿಲ್ಲಾ ಹೂವಿನ ಟೀ."

"ಹಂಗಾದ್ರೆ ತರಿ ಎಲ್ಲಿಂದ ಬಂತು?"

"ಬೀಜ ಅಗಿದಿದ್ದಾನೆ. ಕೈಯಲ್ಲಿ ಉಳಿದ ಬೀಜಾನ ಬಾಯಿಗೆ ಹಾಕ್ಕೊಂಡು ಅಗಿದು ನುಂಗಬೇಕು, ಯಾರು ಏನು ಹಾಕಿದ್ರು ಅಂತ ಗುರುತು ಸಿಗಬಾರದು. ಹುರಿದ ಬೀಜ ಆದ್ರೆ ಕಟಕ್ ಅಂತ ಪುಡಿಯಾಗತ್ತೆ. ಹಸಿ ಬೀಜ ಕಲ್ಲಿನ ಥರ, ಅಗಿಯಕ್ಕಾಗಲ್ಲ. ಬೇಡ ಅಂದವರು ಅದನ್ನ ದವಡೇಲಿ ಇಟ್ಕೊಂಡು ಸುಮ್ನೆ ಬಾಯಾಡಿಸ್ತಾರೆ. ಮಿಕ್ಕವರು ಸಭ್ಯತೆಗೆ ಸೂರು ನೋಡ್ತಾರೆ. ಇದನ್ನ ನಿಮಗೆ ಯಾರೂ ಹೇಳಲಿಲ್ವಾ?"

ಅವನ ಮುಖ ನೋಡಿದರೇ ತಿಳಿಯುತ್ತಿತ್ತು, ಯಾರೂ ಹೇಳಿರಲಿಲ್ಲ. ಅರ್ಧ ಪದ್ಧತಿ ಹೇಳಿ ಅರ್ಧ ನುಂಗುವುದರಲ್ಲಿ ಆ ಕಂಪನಿಯವರು ನಿಸ್ಸೀಮರು.

"ಮುದುಕ ಅಗಿದಿದ್ದು ಹುರಿದ ಬೀಜ. ಅಂದ್ರೆ ಬಟ್ಟಲಿಗೆ ಹಾಕಿದ್ದು ಹಸಿ ಬೀಜ. ಅವನು ಯೊಲಾಂದಾ ಪರವಾಗಿದ್ದ," ಎಂದೆ. "ಈ ಬೀಜ ಅವನದಲ್ಲ. ಬೇಡ ಅಂದವರದು."

ಪೆನ್ನಿನ ತುದಿಯಿಂದ ಬೀಜವನ್ನು ಮಗುಚಿದೆ. ಚಪ್ಪಟೆ ಬದಿಯ ಸೀಳು ಎಲ್ಲ ಕಾಫಿ ಬೀಜಕ್ಕೂ ಇರುವಂಥದ್ದು. ಆದರೆ ಉಬ್ಬಿದ ಬೆನ್ನಿನ ಮೇಲೆ ಸಣ್ಣದೊಂದು ತಗ್ಗಿತ್ತು. ಉಗುರಿಗೆ ಬಗ್ಗದ ಬೀಜದ ಮೇಲೆ ಬಲವಾಗಿ ಊರಿದ ಗುರುತು. ಬೆಳಕಿಗೆ ಹಿಡಿದೆ. ಹಲ್ಲಿನ ಗುರುತು.

"ಕಟ್ಟಿಸಿದ ಹಲ್ಲಲ್ಲಿ ಇದು ಆಗಲ್ಲ, ಸೆಟ್ಟೇ ಕಿತ್ತು ಬರತ್ತೆ."

ಕಸಿಯಾನೊ ಬೀಜವನ್ನು ನೋಡಿದ, ಗಡಿಯಾರವನ್ನು ನೋಡಿದ. "ಇದು ನಿಮಗೂ ನನಗೂ ಬಿಟ್ಟು ಇನ್ಯಾರಿಗೂ ಗೊತ್ತಾಗೋದು ಬೇಡ. ಐದು ಗಂಟೆವರೆಗೆ ಟೈಮಿದೆ ಮೇಡಂ. ಆಮೇಲೆ ನನ್ನ ಕೈಲಿಲ್ಲ."

* * *

ಉಳಿದವರು ಇಬ್ಬರೇ. ಕಂಪನಿ ಕಟ್ಟಿದವನ ಮಗ ಎವಾಂದ್ರೊ ತೊರ್ತೊರೆಲ್ಲಿ, ಮತ್ತು ಲೀಜಿಯಾ ಸಂಪಾಯೊ.

ನನ್ನ ಅನುಮಾನವೆಲ್ಲ ಎವಾಂದ್ರೊನ ಮೇಲೇ ಇತ್ತು. ಅವನು ಬರೆದ ಒಂದು ಅಭಿಪ್ರಾಯಪತ್ರಕ್ಕೆ ಯೊಲಾಂದಾ ಹಿಂದೊಮ್ಮೆ ಸಹಿ ಹಾಕಲು ಒಪ್ಪಿರಲಿಲ್ಲ, ಅವನಂಥವರು ಅದನ್ನು ಸಾಯುವತನಕ ಮರೆಯುವುದಿಲ್ಲ. ಅವನನ್ನು ಸಿಕ್ಕಿಸಲು ಲೀಜಿಯಾಳ ಸಹಾಯ ಕೇಳೋಣವೆಂದು ಕಂಪನಿ ಇರುವ ಫರಿಯಾ ಲಿಮಾ ರಸ್ತೆಗೆ ಹೋದೆ. ಬುಧವಾರವಾದ್ದರಿಂದ ಅವಳು ಎಲ್ಲಿ ಸಿಗುತ್ತಾಳೆ ಎಂದು ಯಾರನ್ನೂ ಕೇಳಬೇಕಿರಲಿಲ್ಲ. ಬುಧವಾರವೆಂದರೆ ಫೆಜ್ವಾದಾ ಊಟ, ಫೆಜ್ವಾದಾ ಎಂದರೆ ಮೂಲೆಯ ಹೋಟೆಲಿನ ಒಳಮೇಜು.

ಲೀಜಿಯಾ ಮತ್ತು ನಾನು ಒಂದೇ ದಿನ ಆ ಕಂಪನಿ ಸೇರಿದವರು. ಕಲಿಯುವವರಿಗೆ ಕಿಟಕಿಯಿಲ್ಲ, ಕಕ್ಕಸಿನ ಗೋಡೆಗೆ ತಾಗಿದ ಮೇಜು. ಜೂನಿಯರ್ ಆದರೆ ಕಂಬದ ಮರೆ. ಅದರ ಮೇಲಿನವರಿಗೆ ಇಬ್ಬರಿಗೊಂದು ಕಿಟಕಿ. ಸೀನಿಯರ್ ಆದರೆ ನಿಮ್ಮದೇ ಕಿಟಕಿ, ಎದುರಿಗೆ ಪಕ್ಕದ ಕಟ್ಟಡದ ಗೋಡೆ. ಪಾಲುದಾರರಾದರೆ ಎರಡು ಕಡೆ ಗಾಜು, ಕೆಳಗೆ ಹೊಳೆ, ಗೋಡೆಯ ಮೇಲೆ ಕಂಚಿನಲ್ಲಿ ಹೆಸರು. ಆರಾರು ನಿಮಿಷಕ್ಕೆ ಲೆಕ್ಕ ಬರೆಯುತ್ತ, ಮದುವೆ, ಮಕ್ಕಳು, ಅಮ್ಮನ ಕಾಯಿಲೆ ಎಲ್ಲವನ್ನೂ ಆ ಗಾಜಿಗಾಗಿ ಮುಂದೂಡುತ್ತ ಇಬ್ಬರೂ ಹತ್ತಿದೆವು. ಅವಳು ನನಗಿಂತ ಒಂದು ವರ್ಷ ಮೊದಲು ಗಾಜು ಮುಟ್ಟಿದಳು. ಮರುವರ್ಷ ನನ್ನ ಬಟ್ಟಲು ಬಂದಾಗ ಬೀಜ ಹಾಕಿದ ಮೂವರಲ್ಲಿ ಅವಳೂ ಇದ್ದಳು. ಅವಳು ಹಸಿ ಬೀಜ ಹಾಕಿದ್ದಳು ಎಂದೇ ಅವತ್ತಿನವರೆಗೂ ನಂಬಿಕೊಂಡಿದ್ದೆ.

ಯೊಲಾಂದಾಳನ್ನು ಕೈಹಿಡಿದು ಬೆಳೆಸಿದವಳು ಲೀಜಿಯಾನೇ. ಹನ್ನೊಂದು ವರ್ಷ ತನ್ನ ಪಕ್ಕದಲ್ಲೇ ಕೂರಿಸಿಕೊಂಡಿದ್ದಳು.

"ಬಾರೇ ಜಂದೀರಾ! ಮುಖ ಏನೇ ಹಿಂಗಾಗಿದೆ? ಠಾಣೆ ಕಾಫಿ ಕುಡಿದ್ಯಾ?" ಎಂದು ಎದ್ದು ತಬ್ಬಿಕೊಂಡಳು. ಮಾಣಿಯತ್ತ ತಿರುಗಿ, "ಎರಡು ಕೈಪಿರಿನ್ಯಾ. ನನ್ನದಕ್ಕೆ ಐಸ್ ಬೇಡ," ಎಂದಳು.

ಇಲ್ಲಿನ ಡಿಸೆಂಬರ್ ಬೇಸಿಗೆಯ ಸೆಕೆಯಲ್ಲಿ, ಆ ನಿಂಬೆ ಮದ್ಯಕ್ಕೆ ಐಸೇ ಬೇಡವಂತೆ! ಮಾಣಿ ಮತ್ತೊಮ್ಮೆ ಕೇಳಿ ಖಾತ್ರಿ ಮಾಡಿಕೊಂಡು ಹೋದ.

ಮುದುಕನ ಹಲ್ಲಿನ ಸೆಟ್ಟಿನ ವಿಷಯ ಹೇಳಿದೆ. ಲೀಜಿಯಾ ಚಮಚ ಕೆಳಗಿಟ್ಟಳು.

"ಒತಾಸಿಲಿಯೊ ಹಸಿ ಬೀಜ ಹಾಕಿದ್ನಾ? ನಿಜವಾಗ್ಲೂ?" ಅವಳ ಆಶ್ಚರ್ಯ ನಟನೆಯಂತೆ ಕಾಣಲಿಲ್ಲ. "ಹಂಗಾದ್ರೆ ಎವಾಂದ್ರೊನೇ ಕಣೇ. ಆ ನಾಜೂಕಯ್ಯಾನೇ."

"ನಾನೂ ಹಂಗೇ ಅಂದ್ಕೊಂಡೇ ಬಂದೆ."

ಅಷ್ಟರಲ್ಲಿ ನನ್ನ ಕಣ್ಣು ಅವಳ ತಟ್ಟೆಗೆ ಬಿತ್ತು. ಕಪ್ಪು ಅವರೆಯ ಗಸಿ ಮುಗಿದಿತ್ತು, ಅನ್ನ ಮುಗಿದಿತ್ತು, ಸೊಪ್ಪು ಮುಗಿದಿತ್ತು. ಹುರಿದ ಹಂದಿಚರ್ಮದ ಗರಿಗರಿ ಚೂರುಗಳು ಮಾತ್ರ ತಟ್ಟೆಯ ಅಂಚಿನಲ್ಲಿ ಒಂದೂ ಕದಲದೆ ಕೂತಿದ್ದವು. ನಮ್ಮಿಬ್ಬರ ಸ್ನೇಹದಲ್ಲಿ ಇದ್ದ ಒಂದೇ ಜಗಳ ಆ ಚೂರುಗಳದ್ದು. ತನ್ನದು ಮುಗಿಸಿ ನನ್ನ ತಟ್ಟೆಗೂ ಕೈಹಾಕುತ್ತಿದ್ದ ಹೆಂಗಸು ಇವಳು. ಈಗ ಬಾಯಲ್ಲಿ ಉಳಿದ ಕೊನೆಯ ತುತ್ತು ಅನ್ನವನ್ನೂ ಎಡ ದವಡೆಯಲ್ಲೇ ಮೆಲ್ಲುತ್ತಿದ್ದಳು.

ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ. ಗಾದೆ ನೆನಪಾಗಿ ನಗು ಬರಬೇಕಿತ್ತು. ಬರಲಿಲ್ಲ.

ಅವಳ ತಟ್ಟೆಯ ಅಂಚಿನಿಂದ ಒಂದು ಗರಿ ಚೂರು ತೆಗೆದು ಅವಳ ಮುಂದಿಟ್ಟೆ. "ತಿನ್ನು."

"ಡಯಟ್ ಕಣೇ."

"ಬಲಗಡೆ ದವಡೇಲಿ ಕಡಿ. ಒಂದೇ ಒಂದು ಸಲ."

ಲೀಜಿಯಾ ಚೂರನ್ನು ನೋಡಿದಳು, ನನ್ನನ್ನು ನೋಡಿದಳು. ಆಮೇಲೆ ಕರವಸ್ತ್ರದಿಂದ ತುಟಿ ಒರೆಸಿಕೊಂಡಳು.

"ಯಾವಾಗ ಗೊತ್ತಾಯ್ತು?"

"ನೀನು ಐಸ್ ಬೇಡ ಅಂದಾಗ ಶುರುವಾಯ್ತು. ಆ ಬೀಜದ ಮೇಲೆ ಹಲ್ಲಿನ ಗುರುತಿದೆ ಲೀಜಿಯಾ."

"ಗುರುತು ಬೀಜದ ಮೇಲೆ. ಹಲ್ಲು ಎರಡು ಹೋಳು," ಎಂದು ತಣ್ಣಗೆ ಹೇಳಿದಳು.

"ಅವಳ ಹೆಸರು ಸೂಚಿಸಿದವಳೇ ನೀನು!"

"ಸೂಚಿಸದೆ ಇರಕ್ಕಾಗತ್ತಾ? ಹನ್ನೊಂದು ವರ್ಷ ಅವಳ ಬಗ್ಗೆ ಚಿನ್ನದಂಥ ಹುಡುಗಿ ಅಂತ ಬರೆದವಳು ನಾನು. ಹೆಸರು ಹೇಳ್ದೆ. ಬಾಯಿ ನೋಯೋವರೆಗೂ ಹೊಗಳ್ದೆ. ಆಮೇಲೆ ಹುರಿದ ಬೀಜ ಹಾಕ್ದೆ."

"ಯಾಕೆ?"

"ಯಾಕೆ ಅಂತ ಬೇರೆ ಕೇಳ್ತೀಯಲ್ಲ, ನೀನು!" ಅವಳ ದನಿ ಮೊದಲ ಬಾರಿಗೆ ಒಡೆಯಿತು. "ನನ್ನ ಕಕ್ಷಿದಾರ, ಆ ಟ್ರ್ಯಾಕ್ಟರ್ ಕಂಪನಿ ಮುದುಕ, ಈಗ ನನಗಿಂತ ಮೊದಲು ಅವಳಿಗೆ ಫೋನ್ ಮಾಡ್ತಾನೆ. ಬ್ಯಾಂಕಿನವರ ಮಕ್ಕಳ ಹುಟ್ಟಿದಹಬ್ಬ ಅವಳಿಗೆ ಗೊತ್ತು, ನನಗೆ ಮರೆತುಹೋಗಿದೆ. ಅವಳು ಸೀನಿಯರ್ ಆಗಿರೋವರೆಗೂ ಅವಳು ಮಾಡಿದ್ದೆಲ್ಲ ನನ್ನ ಕೆಲಸ. ಪಾಲುದಾರಳಾದ ದಿನ ಅದೆಲ್ಲ ಅವಳದು. ಆಮೇಲೆ ಎವಾಂದ್ರೊ ನನ್ನ ಕರೆದು 'ಲೀಜಿಯಾ, ತುಂಬ ದುಡಿದಿದೀಯ, ಇನ್ನು ರೆಸ್ಟ್ ತಗೋ' ಅಂತಾನೆ. ಮೇಲೆ ಹತ್ತಿದ್ಮೇಲೆ ಮುಗೀತು ಅಂದ್ಕೊಂಡಿದೀಯಾ? ಅಲ್ಲಿಂದಾನೂ ಕೆಳಗೆ ಇಳಿಸೋ ಮೆಟ್ಟಿಲಿದೆ ಮಾರಾಯ್ತಿ. ಯಾರೂ ನಿನಗೆ ತೋರಿಸಲಿಲ್ಲ, ಅಷ್ಟೇ."

ತಾನು ಹತ್ತಿದ ಏಣಿಯನ್ನು ಒದೆಯುವವರನ್ನು ಬೇಕಾದಷ್ಟು ನೋಡಿದ್ದೇನೆ. ಹತ್ತುತ್ತಿರುವವಳ ಕೈಯನ್ನು ಹಿಡಿದುಕೊಂಡೇ ಒದ್ದವಳನ್ನು ನೋಡಿದ್ದು ಇದೇ ಮೊದಲು. ಮೇಜು ಮಗುಚಿಹಾಕಬೇಕು ಎನ್ನಿಸಿತು. ಮಗುಚದೆ ಕೇಳಿದೆ.

"ಸುಮ್ನೆ ಬಾಯಾಡಿಸಬಹುದಿತ್ತಲ್ಲ, ಎಲ್ಲರ ಥರ. ಕಡಿದಿದ್ದು ಯಾಕೆ?"

"ಅಷ್ಟೊಂದು ಹೊಗಳಿ ಕೂತಿದೀನಿ. ಒತಾಸಿಲಿಯೊ ಕಟಕ್ ಅನ್ನಿಸ್ದ. ಎವಾಂದ್ರೊ ಕಟಕ್ ಅನ್ನಿಸ್ದ. ಇಬ್ಬರೂ ಸೂರು ನೋಡಲಿಲ್ಲ, ನನ್ನೇ ನೋಡಿದ್ರು. ನನ್ನ ಬಾಯಿಂದ ಸದ್ದು ಬರದಿದ್ರೆ ಹೆಂಗೆ? ಬಲ ಬಿಟ್ಟು ಕಡಿದೆ. ಸದ್ದೇನೋ ಬಂತು. ಬೀಜದ್ದಲ್ಲ."

"ಆಮೇಲೆ ಮುದುಕನ ಹಿಂದೆ ಮೆಟ್ಟಿಲಿಗೆ ಹೋದೆ. ತಳ್ಳಿ, ಬೀಜಾನ ಅವನ ಜೇಬಿಗೆ ಹಾಕ್ದೆ."

"ಇಲ್ಲ."

"ಲೀಜಿಯಾ."

"ಇಲ್ಲ ಕಣೇ! ಹುರಿದ ಬೀಜ ಹಾಕಿದವಳು ನಾನು, ಒಪ್ಕೊಂಡೆ. ಕೊಂದವಳು ನಾನಲ್ಲ. ಮೀಟಿಂಗ್ ಮುಗಿದ ತಕ್ಷಣ ಎವಾಂದ್ರೊ ನನ್ನ ತೋಳು ಹಿಡ್ಕೊಂಡು ತನ್ನ ರೂಮಿಗೆ ಕರ್ಕೊಂಡು ಹೋದ. ಕೆಳಗಿಂದ ಕೂಗು ಕೇಳಿದಾಗ ಅವನೆದುರಿಗೇ ಕೂತಿದ್ದೆ. ಹೋಗಿ ಕೇಳು. ನನ್ನ ಉಳಿಸಕ್ಕೆ ಅವನು ಸುಳ್ಳು ಹೇಳ್ತಾನಾ?"

ಹೇಳುವುದಿಲ್ಲ. ಬಾಯಿ ಒಣಗಿದವಳಿಗೆ ನೀರು ಕೊಡುವುದಕ್ಕೂ ಲೆಕ್ಕ ಬರೆದಿಡುವವನು ಎವಾಂದ್ರೊ.

"ಹಂಗಾದ್ರೆ ನಿನ್ನ ಬೀಜ ಅವನ ಜೇಬಿಗೆ ಹೆಂಗೆ ಹೋಯ್ತು?"

"ಅದನ್ನೇ ವಾರದಿಂದ ಯೋಚಿಸ್ತಿದೀನಿ." ಅವಳು ಗ್ಲಾಸನ್ನು ತಿರುಗಿಸಿದಳು. "ಬಾಯಿತುಂಬ ರಕ್ತ. ಪೇಪರ್ ನ್ಯಾಪ್ಕಿನ್‌ಗೆ ಉಗಿದೆ. ಜೇಬಿಗೆ ಹಾಕ್ಕೊಳ್ಳಣ ಅಂದ್ರೆ ಅಷ್ಟರಲ್ಲಿ ಬಾಗಿಲು ತೆಗೀತು, ಕಾಫಿ ಟ್ರೇ ಬಂತು. ಮುದುರಿ ನನ್ನ ಸಾಸರ್ ಕೆಳಗೆ ತಳ್ಳಿದೆ. ಎವಾಂದ್ರೊ ಎಬ್ಬಿಸ್ಕೊಂಡು ಹೋದ. ಆಮೇಲೆ ಬಂದು ನೋಡಿದ್ರೆ ಮೇಜು ಖಾಲಿ."

"ಯಾರು ತೆಗೆದ್ರು?"

ಲೀಜಿಯಾ ನನ್ನನ್ನು ಕನಿಕರದಿಂದ ನೋಡಿದಳು. ಆ ಕನಿಕರವನ್ನು ನಾನು ಕ್ಷಮಿಸಲಾರೆ.

"ಬೀಜ ಹಾಕೋ ದಿನ ಕಾಫಿ ಬಗ್ಗಿಸಿ, ಎಂಜಲು ಕಪ್ಪು ಎತ್ತೋರು ಯಾರು ಜಂದೀರಾ? ನಿನ್ನ ವರ್ಷ ನೀನೂ ಎತ್ತಿದ್ಯಲ್ಲ."

ಎತ್ತಿದ್ದೆ. ಅದೂ ಪದ್ಧತಿಯೇ. ಹಣೆಬರಹ ತೀರ್ಮಾನವಾದ ಮೇಲೆ, ಅದೇನೆಂದು ತಿಳಿಯದೆ, ಆ ಹಣೆಬರಹದವಳೇ ಒಳಗೆ ಬಂದು ಮೂವರಿಗೂ ನಗುನಗುತ್ತ ಬಗ್ಗಿಸಿಕೊಡಬೇಕು, ಮುಗಿದ ಮೇಲೆ ಮೇಜು ಒರೆಸಬೇಕು. ವಿನಯದ ಪರೀಕ್ಷೆ ಎನ್ನುತ್ತಿದ್ದರು. ಕಾಫಿಯಲ್ಲಿ ಸಕ್ಕರೆ ಸಾಕೇ ಎಂದು ಅವತ್ತು ಲೀಜಿಯಾಳನ್ನು ಕೇಳಿದ್ದೆ.

ಎದ್ದು ನಿಂತೆ. ಕೇಳಬಾರದು ಎಂದುಕೊಂಡಿದ್ದ ಮಾತು ಬಾಯಿಂದ ಹೊರಟೇಹೋಯಿತು.

"ನನ್ನ ವರ್ಷ ನೀನು ಅಗಿದ್ಯಾ?"

ಅವಳು ತಟ್ಟೆಯಂಚಿನ ಚೂರುಗಳನ್ನು ಕರವಸ್ತ್ರದಿಂದ ಮುಚ್ಚಿದಳು.

"ಆ ವರ್ಷ ಯಾರ ಬಾಯಲ್ಲೂ ಸದ್ದು ಬರಲಿಲ್ಲ ಕಣೇ," ಎಂದಳು.

ಬಾಗಿಲವರೆಗೂ ಹೋಗಿದ್ದೆ, ಹಿಂದಿನಿಂದ ಕರೆದಳು. "ಈ ಹಲ್ಲಿನ ವಿಷಯ ಯಾರಿಗೂ ಹೇಳಿಲ್ಲ. ಹಲ್ಲಿನ ಡಾಕ್ಟರ ಹತ್ರಾನೂ ಹೋಗಿಲ್ಲ, ಬಾಯಿ ತೆರೆಯಕ್ಕೇ ಹೆದರಿಕೆ. ಗೊತ್ತಿರೋದು ನಿನಗೊಬ್ಬಳಿಗೇ."

* * *

ಯೊಲಾಂದಾ ಎದುರು ಸಾಲಿನ ಬೇಕರಿಯಲ್ಲಿ ಕಾಯುತ್ತಿದ್ದಳು. ಮುಂದಿದ್ದ ಚೀಸ್ ಬನ್ನನ್ನು ಚೂರು ಮಾಡಿ ಚೂರು ಮಾಡಿ ತಟ್ಟೆಯ ತುಂಬ ಹರಡಿದ್ದಳು, ಒಂದೂ ತಿಂದಿರಲಿಲ್ಲ. ಕೊಲೆಯಾದ ದಿನದಿಂದ ಕಂಪನಿ ಅವಳನ್ನು ಒಳಗೆ ಬಿಟ್ಟಿರಲಿಲ್ಲ. ಲೀಜಿಯಾ ಅವಳ ಫೋನೂ ಎತ್ತಿರಲಿಲ್ಲ.

"ಅಮ್ಮ ಸಂತೇಲಿ ಎಲ್ಲರಿಗೂ ಹೇಳ್ಬಿಟ್ಟಿದಾರೆ ಡೊಟೋರಾ," ಎಂದಳು, ನಾನು ಕೂರುವ ಮೊದಲೇ. ವಕೀಲೆಯರನ್ನೆಲ್ಲ ಡೊಟೋರಾ ಎಂದೇ ಕರೆಯುವುದು ಇಲ್ಲಿನ ಮರ್ಯಾದೆ. ಅವಳ ತಾಯಿ ಬುಧವಾರದ ಸಂತೆಯಲ್ಲಿ ಮೂವತ್ತು ವರ್ಷದಿಂದ ಪಾಸ್ತೆಲ್ ಕಡುಬು ಕರಿಯುವವಳು. "ಮಗಳು ಪಾಲುದಾರಳಾದ ಹಾಗೇ ಅಂತ ಅವತ್ತೇ ಬೆಳಿಗ್ಗೆ ಬಿಟ್ಟಿಯಾಗಿ ಹಂಚಿದಾರೆ. ಈಗ ಪೊಲೀಸರು ಬಂದ್ರೆ ಆ ಎಣ್ಣೆ ಬಾಣಲೆ ಮುಂದೇನೇ ಬಿದ್ದುಹೋಗ್ತಾರೆ."

"ಇನ್ನೂ ಟೈಮಿದೆ."

"ಡೊಟೋರಾ ಲೀಜಿಯಾ ಏನಂದ್ರು? ನನ್ನ ಪರ ಸಾಕ್ಷಿ ಹೇಳ್ತಾರಂತಾ?"

ಆ ಮುಖವನ್ನು ನೋಡಿ ನಿಜ ಹೇಳಲಾಗಲಿಲ್ಲ. ಇವಳನ್ನು ಉಳಿಸುವುದು ಈಗ ಸುಲಭವಾಗಿತ್ತು. ಹುರಿದ ಬೀಜ ಮುದುಕನದಲ್ಲ ಎಂದಮೇಲೆ ಅವನನ್ನು ಕೊಲ್ಲಲು ಇವಳಿಗೆ ಕಾರಣವೇ ಇಲ್ಲ. ಅದೊಂದು ಮಾತು ಕಸಿಯಾನೊನ ಕಿವಿಗೆ ಬಿದ್ದರೆ ಐದು ಗಂಟೆಯ ಗಂಡಾಂತರ ಕಳೆಯುತ್ತಿತ್ತು. ಸಾಸರಿನ ವಿಷಯವೊಂದೇ ಅಡ್ಡ. ಆ ಬೀಜ ಇವಳ ಕೈಗೆ ಸಿಕ್ಕಿದ್ದರೆ, ಲೀಜಿಯಾಳನ್ನು ಸಿಕ್ಕಿಸಲು ಮುದುಕನನ್ನು ತಳ್ಳಿ ಅವನ ಜೇಬಿಗೆ ಅದನ್ನು ಹಾಕಿದವಳೂ ಇವಳೇ ಆಗಬಹುದಿತ್ತು.

"ಯೊಲಾಂದಾ, ಅವತ್ತು ಕಪ್ಪುಗಳನ್ನ ಎತ್ತಿದ್ದು ನೀನೇ ತಾನೇ?"

"ನಾನೇ. ಅದೇ ಅಲ್ವಾ ಪದ್ಧತಿ?"

"ಸಾಸರುಗಳ ಕೆಳಗೆ ಏನಾದ್ರೂ ಸಿಕ್ತಾ? ನ್ಯಾಪ್ಕಿನ್ನು, ಇನ್ನೇನಾದ್ರೂ?"

"ಇಲ್ಲವಲ್ಲ," ಎಂದಳು. ಕಣ್ಣು ತಪ್ಪಿಸಲಿಲ್ಲ, ತಡವರಿಸಲಿಲ್ಲ. "ಟ್ರೇನ ಹಂಗೇ ಅಡುಗೆಕೋಣೇಲಿಟ್ಟೆ. ಮುಂಚೆನೇ ಹೇಳಿದ್ನಲ್ಲ, ಬಟ್ಟಲಲ್ಲಿ ಏನಿತ್ತು ಅಂತ ನನಗೆ ಗೊತ್ತಾಗಿದ್ದೇ ಸಾಯಂಕಾಲ, ಅವರ ಹೆಣ ಸಿಕ್ಕಿದ್ಮೇಲೆ."

ನಂಬಿದೆ. ನಂಬಬೇಕೆಂದು ಮನಸ್ಸು ಹಟ ಹಿಡಿದಿತ್ತು. ಬೇರೆ ಯಾರೋ ಒಳಗೆ ಬಂದಿರಬಹುದು, ಯಾರೋ ಸಾಸರು ಸರಿಸಿರಬಹುದು. ಹನ್ನೊಂದು ವರ್ಷ ಸವೆಸಿ ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಕೂತವಳ ಮುಂದೆ, ಹಾಗೆಯೇ ಕೂತಿದ್ದ ಇನ್ನೊಬ್ಬಳು ನಾನು. ಫೋನು ತೆಗೆದು ಕಸಿಯಾನೊನ ಹೆಸರು ಒತ್ತಿದೆ. ಆ ಕಡೆ ಗಂಟೆ ಬಾರಿಸತೊಡಗಿತು.

ಯೊಲಾಂದಾ ತಟ್ಟೆಯಲ್ಲಿದ್ದ ಬನ್ನಿನ ಚೂರುಗಳನ್ನು ಬೆರಳಿನಿಂದ ಒಂದು ಕಡೆ ಒಟ್ಟುಮಾಡಿದಳು. ಮೇಜು ಒರೆಸಿ ಒರೆಸಿ ಅಭ್ಯಾಸವಾದ ಕೈ.

"ಬುಧವಾರ ಅಲ್ವಾ, ಫೆಜ್ವಾದಾ ತಿಂತಿದ್ರೇನೋ ಅವರು," ಎಂದಳು, ತಲೆ ಎತ್ತದೆಯೇ. "ಪಾಪ, ಹಲ್ಲು ನೋವು ಸ್ವಲ್ಪ ಕಮ್ಮಿಯಾಗಿದ್ಯಂತಾ?"